ಕೊನೆಯ ನುಡಿಯಲ್ಲಿರುವ ಹೆಸರು

ಅಮಾವಾಸ್ಯೆಯ ರಾತ್ರಿ ಮಠದ ಅಂಗಳದಲ್ಲಿ ಭಜನೆ ಕುಳಿತಿರುತ್ತದೆ. ಒಂದು ಏಕತಾರಿ, ಒಂದು ದಮ್ಮಡಿ, ತಾಳದ ಜೋಡಿ, ಇದ್ದರೆ ಒಂದು ಪೇಟಿ. ಹಾಡುವಾತ ಒಂದೊಂದೇ ನುಡಿ ಮುಗಿಸಿ ಪಲ್ಲವಿಗೆ ಮರಳುತ್ತ ಕೊನೆಯ ನುಡಿಗೆ ಬಂದಾಗ ದನಿ ತುಸು ಏರುತ್ತದೆ. ಆ ನುಡಿಯಲ್ಲಿ ಒಂದು ಹೆಸರು ಬರುತ್ತದೆ. ಕುಳಿತವರಲ್ಲಿ ಹಿರಿಯರು ತಲೆದೂಗುತ್ತಾರೆ. ‘ಯಾರ ಪದ ಇದು?’ ಎಂದು ಅಲ್ಲಿ ಯಾರೂ ಕೇಳಬೇಕಾಗಿಲ್ಲ. ಉತ್ತರ ಹಾಡಿನ ಒಳಗೇ ಇದೆ.

ಮರುದಿನ ಬೆಳಿಗ್ಗೆ ಅದೇ ಪದ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಹೋಗುತ್ತದೆ. ಕಡತದ ಹೆಸರು ಏನೆಂದು ನೋಡಿದರೆ ‘ಆಡಿಯೋ’ ಎಂಬ ಪದ, ಅದರ ಮುಂದೆ ಒಂದಿಷ್ಟು ಅಂಕಿಗಳು. ಪದವನ್ನು ಪೂರ್ತಿ ಮುದ್ರಿಸಿಕೊಳ್ಳುವ ತಾಳ್ಮೆ ಇಲ್ಲದವರು ಮೊದಲ ನುಡಿ ಮುಗಿಯುತ್ತಲೇ ಗುಂಡಿ ಒತ್ತಿರುತ್ತಾರೆ. ಹಾಡು ಉಳಿದಿದೆ, ಹಾಡಿನವನು ಹೋಗಿದ್ದಾನೆ. ಯಂತ್ರಗಳು ಬಂದ ಮೇಲೆ ನಮ್ಮ ಸಂಗೀತಕ್ಕೆ ಏನಾಯಿತು ಎಂಬ ಪ್ರಶ್ನೆಗೆ ಹಲವರು ಹಲವು ಉತ್ತರ ಕೊಟ್ಟಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಿಂದ ನೋಡಿದಾಗ ಆ ಪ್ರಶ್ನೆಯ ತಿರುಳು ಈ ಹೆಸರಿನಲ್ಲಿಯೇ ಇರುವಂತೆ ತೋರುತ್ತದೆ.

ಈ ಮೂರೂ ಊರುಗಳನ್ನು ನೀರು ಜೋಡಿಸಿದೆ. ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಹರಿಯುತ್ತಾಳೆ. ನೀರಿನಷ್ಟೇ ಹಳೆಯದಲ್ಲದಿದ್ದರೂ ಅಂಕಿತದ ರೂಢಿಯೂ ಇಲ್ಲಿ ಹಳೆಯದೇ. 12ನೆಯ ಶತಮಾನದ ಏಕಾಂತದ ರಾಮಯ್ಯ ಆಳಂದದವನೆಂದು ಅಬ್ಬಲೂರಿನ ಶಾಸನ ಹೇಳುತ್ತದೆ; ಅವನ ವಚನಗಳ ಕೊನೆಯಲ್ಲಿ ‘ಎನ್ನಯ್ಯ ಚೆನ್ನರಾಮ’ ಎಂಬ ಮುದ್ರೆ ಇದೆ. ಐದು ನೂರು ವರ್ಷಗಳ ನಂತರ ಜೇವರ್ಗಿಯ ಷಣ್ಮುಖ ಶಿವಯೋಗಿಗಳು ‘ಅಖಂಡೇಶ್ವರ’ ಎಂಬ ಅಂಕಿತದಲ್ಲಿ ಏಳು ನೂರಕ್ಕೂ ಹೆಚ್ಚು ವಚನ ಬರೆದರು. ಓಲೆಗರಿ ಕೈ ಬದಲಾಗುತ್ತದೆ, ಮೇಲಿನ ಕಟ್ಟಿಗೆಯ ಪಟ್ಟಿ ಕಳಚುತ್ತದೆ, ಮೊದಲ ಗರಿಯನ್ನು ಇಲಿ ತಿನ್ನುತ್ತದೆ. ಆದರೆ ಪ್ರತಿ ವಚನವೂ ತನ್ನ ಹೆಸರನ್ನು ತಾನೇ ಹೊತ್ತು ತಿರುಗಿದರೆ ಒಂದು ಗರಿ ಸಿಕ್ಕರೂ ಸಾಕು, ಇದು ಯಾರದೆಂದು ತಿಳಿಯುತ್ತದೆ.

ತತ್ವಪದಕಾರರು ಈ ಉಪಾಯವನ್ನು ಕಂಠಕ್ಕೆ ತಂದರು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪನವರು ಈ ಪರಂಪರೆಯ ದೊಡ್ಡ ಹೆಸರು. ತಮ್ಮ ಗುರು ಮಹಾಂತನ ಹೆಸರನ್ನೇ ಅವರು ಪದಗಳ ಕೊನೆಗೆ ಇಟ್ಟರು. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದವರು ಅವರ ಶಿಷ್ಯ ಪರಂಪರೆಯವರು. ಈ ಪಟ್ಟಿಯಲ್ಲಿ ಜಾತಿ, ಮತ ಹುಡುಕುವವರಿಗೆ ಎಲ್ಲವೂ ಸಿಗುತ್ತದೆ, ಗೋಡೆ ಮಾತ್ರ ಸಿಗುವುದಿಲ್ಲ. ಓದು ಬರಹ ಬಾರದ ಕೂಲಿಕಾರನೂ ನೂರಾರು ಪದ ಬಾಯಿಪಾಠ ಇಟ್ಟುಕೊಂಡು, ಇದು ಕಡಕೋಳದ್ದು, ಇದು ಚನ್ನೂರದ್ದು ಎಂದು ಬಿಡಿಸಿ ಹೇಳಬಲ್ಲವನಾಗಿದ್ದುದು ಕೊನೆಯ ನುಡಿಯ ಬಲದಿಂದ.

ಅಂಕಿತ ಎಂದೂ ತಪ್ಪುವುದಿಲ್ಲ ಎಂದೇನಿಲ್ಲ. ಅಂಕಿತದಲ್ಲಿರುವುದು ಸಾಮಾನ್ಯವಾಗಿ ಬರೆದವನ ಹೆಸರಲ್ಲ, ದೇವರದೋ ಗುರುವಿನದೋ ಹೆಸರು. ಒಬ್ಬ ಗುರುವಿನ ನಾಲ್ಕು ಶಿಷ್ಯರು ಪದ ಕಟ್ಟಿದರೆ ನಾಲ್ವರ ಅಂಕಿತವೂ ಹತ್ತಿರ ಹತ್ತಿರ ಬರುತ್ತದೆ. ಹಾಡುವಾತ ಪ್ರೀತಿಯಿಂದ ತನ್ನ ಗುರುವಿನ ಹೆಸರನ್ನು ಬೇರೆಯವರ ಪದಕ್ಕೆ ಸೇರಿಸಿಬಿಡುವುದೂ ಉಂಟು. ಸಂಪಾದಕರಿಗೆ ಇದು ತಲೆನೋವು. ಆದರೂ ಅಂಕಿತವೆಂಬುದು ಇಲ್ಲದೆ ಹೋಗಿದ್ದರೆ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವಾಗಲಿ, ಆನಂತರ ಕನಕದಾಸ ಅಧ್ಯಯನ ಕೇಂದ್ರ ಹೊರತಂದ 50 ಸಂಪುಟಗಳ ತತ್ವಪದ ಮಾಲೆಯಾಗಲಿ ಆಗುವ ಮಾತೇ ಇರಲಿಲ್ಲ. ಸಂಪುಟದಲ್ಲಿ ಪದ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಧಾಟಿ ಎಲ್ಲಿದೆ ಎಂದು ಕೇಳಿದರೆ ಯಂತ್ರಗಳ ಕಥೆಗೆ ಬರಬೇಕು.

ಹೆಸರು ಹೇಳಿ ಮುಗಿಸಿದ ಗಾಯಕಿ

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಇಲ್ಲಿನ ಹಾಡುಗಳನ್ನು ಮುದ್ರಿಸತೊಡಗಿದ. ಗೌಹರ್ ಜಾನ್ ಅವನ ಮುಂದೆ ಹಾಡಿದಳು. ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ಇಂದು ಕೇಳುವವರಿಗೆ ಅದು ತುಸು ಜಂಭದ ಮಾತಿನಂತೆ ಕೇಳುತ್ತದೆ. ಕಾರಣ ಬೇರೆ. ಮೇಣದ ತಟ್ಟೆಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ, ಅಲ್ಲಿ ಪ್ಲೇಟು ಒತ್ತಿಸಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಠುಮ್ರಿಯೋ ಭಜನೆಯೋ, ಹಾಡಿದವರು ಯಾರೋ ತಿಳಿಯುವ ಬಗೆ ಯಾವುದು? ತಪ್ಪು ಚೀಟಿ ಅಂಟಿಸಿಬಿಟ್ಟರೆ? ಹಾಗಾಗಿ ಹಾಡಿನ ಕೊನೆಗೆ ಹೆಸರು. ಗೈಸ್‌ಬರ್ಗ್‌ನಿಗೆ ತತ್ವಪದದ ಗಂಧವೂ ಇರಲಿಲ್ಲ. ಆದರೆ ಅವನ ಕಂಪನಿ ಎದುರಿಸಿದ ತೊಡಕು, ಅದಕ್ಕೆ ಕಂಡುಕೊಂಡ ಪರಿಹಾರ ಎರಡೂ ನಮ್ಮ ಅನುಭಾವಿಗಳದ್ದೇ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಪ್ಲೇಟು ಒತ್ತುವ ಕೆಲಸ 1908ರಲ್ಲಿ ಕಲ್ಕತ್ತೆಗೇ ಬಂದ ಮೇಲೆ, ಬಾಯಿಯಿಂದ ಹೆಸರು ಹೇಳುವ ಅಗತ್ಯ ಹೋಗುತ್ತ ಬಂತು. ನಡುವಿನ ದುಂಡು ಚೀಟಿಯೇ ಅಂಕಿತವಾಯಿತು. ಚೀಟಿಯ ಮೇಲೆ ಕಂಪನಿ ಏನು ಅಚ್ಚು ಹಾಕಿತೋ ಅದೇ ಹೆಸರು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಆರಂಭದ ತಟ್ಟೆಗಳು ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಬಂದವು. ಇನ್ನೊಂದು ಬಿಕ್ಕಟ್ಟೂ ಜೊತೆಗೆ ಬಂತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ಅದರ ಮೇಲೆ ಕೆಲವು ಸೆಕೆಂಡು. ಅಹೋರಾತ್ರಿ ಭಜನೆಯಲ್ಲಿ ಒಂದೊಂದು ಪದವನ್ನೇ ಕಾಲು ಗಂಟೆ ಹಿಗ್ಗಿಸಿ ಹಾಡುವವರಿಗೆ ಮೂರು ನಿಮಿಷ ಯಾವ ಮೂಲೆಗೆ? ಭೀಮಾತೀರದ ಹಾಡುಗಾರರು ಪ್ಲೇಟಿನ ಕಾಲದಲ್ಲಿ ಹೆಚ್ಚಾಗಿ ಕೇಳುವವರಾಗಿ ಉಳಿದರು.

ಬಾನುಲಿಯ ಕಥೆಯೂ ಬಹುಕಾಲ ಹಾಗೆಯೇ ಇತ್ತು. ಈ ಸೀಮೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ‘ಆಕಾಶವಾಣಿ’ ಆರಂಭಿಸಿದ ವರ್ಷವೇ ಹೈದರಾಬಾದಿನ ಡೆಕ್ಕನ್ ರೇಡಿಯೋ ನಿಜಾಮ್ ಸರ್ಕಾರದ ಕೈಗೆ ಬಂತು. ಅಲ್ಲಿ ಉರ್ದುವಿನದೇ ಪ್ರಾಧಾನ್ಯ. 1948ರಲ್ಲಿ ಸಂಸ್ಥಾನ ಭಾರತವನ್ನು ಸೇರಿತು, 1956ರಲ್ಲಿ ಈ ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿತು. ಕಲಬುರಗಿಯಲ್ಲಿ ಆಕಾಶವಾಣಿ ನಿಲಯ ಬಂದದ್ದು ಇನ್ನೂ ಹತ್ತು ವರ್ಷ ತಡವಾಗಿ, 1966ರಲ್ಲಿ. ತನ್ನ ಊರಿನ ಮಾತು, ತನ್ನ ಕಡೆಯ ಧಾಟಿ ಪೆಟ್ಟಿಗೆಯೊಳಗಿಂದ ಬರುವುದನ್ನು ಈ ಭಾಗದವರು ಕೇಳಿದ್ದು ಆಗ. ಬಾನುಲಿಯಲ್ಲಿ ಅಂಕಿತ ಎರಡು ಸಲ ಬರುತ್ತದೆ ಎನ್ನಬಹುದು: ಹಾಡಿನೊಳಗೆ ಒಮ್ಮೆ, ಉದ್ಘೋಷಕರ ಬಾಯಲ್ಲಿ ಇನ್ನೊಮ್ಮೆ. ಆದರೆ ಗಾಳಿಯಲ್ಲಿ ಬಂದದ್ದು ಗಾಳಿಯಲ್ಲಿಯೇ ಹೋಗುತ್ತಿತ್ತು. ಹಿಡಿದಿಡುವ ಸಾಧನ ಕೇಳುಗನ ಬಳಿ ಇರಲಿಲ್ಲ.

ಪೆನ್ಸಿಲಿನಿಂದ ಸುತ್ತಿದ ಕಾಲ

ಆ ಸಾಧನ ಹಾಲೆಂಡಿನ ಫಿಲಿಪ್ಸ್ ಕಂಪನಿಯಿಂದ ಬಂತು. 1963ರಲ್ಲಿ ಅದು ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಅಂಗೈಯಗಲದ ಕ್ಯಾಸೆಟ್ಟನ್ನು ಮುಂದಿಟ್ಟಿತು. ಒಳಗಿನ ಪಟ್ಟಿಯ ಅಗಲ ನಾಲ್ಕು ಮಿಲಿಮೀಟರಿಗಿಂತ ಕಡಿಮೆ, ಅದು ಓಡುವ ವೇಗ ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರು. ಮಾತು ಬರೆದುಕೊಳ್ಳಲೆಂದು ಮಾಡಿದ ಈ ಚಿಕ್ಕ ಡಬ್ಬಿ ಇಪ್ಪತ್ತೇ ವರ್ಷದಲ್ಲಿ ಭಾರತದ ಸಂಗೀತದ ಪೇಟೆಯನ್ನು ತಲೆಕೆಳಗು ಮಾಡಿತು. ಪ್ಲೇಟಿನ ಕಾಲದಲ್ಲಿ ದೇಶಕ್ಕೆ ಒಂದೆರಡು ಕಂಪನಿ, ಅವರು ಮೆಚ್ಚಿದ್ದೇ ಹಾಡು. ಧ್ವನಿಸುರುಳಿಯ ಕಾಲದಲ್ಲಿ ಜಿಲ್ಲೆಗೊಂದು, ಕೆಲವೆಡೆ ಜಾತ್ರೆಗೊಂದು ಕಂಪನಿ ಹುಟ್ಟಿತು. ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನುಯೆಲ್ ಉತ್ತರ ಭಾರತದಲ್ಲಿ ಈ ಬದಲಾವಣೆಯನ್ನು ಕಂಡು 1993ರಲ್ಲಿ ಒಂದು ಗ್ರಂಥವನ್ನೇ ಬರೆದ.

ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಯ ಧ್ವನಿಸುರುಳಿಗಳಿಗೆ ದಾರಿ ತೆರೆಯಿತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಎರಡೂ ಹೆಸರು ಹೊದಿಕೆಯ ಮೇಲೆ. ಶಿಶುನಾಳ ಶರೀಫರ ಪದಗಳು ಸಿ. ಅಶ್ವಥ್ ಅವರ ದನಿಯಲ್ಲಿ ಮನೆ ಮನೆಗೆ ಬಂದದ್ದೂ ಸುರುಳಿಯ ಮೇಲೇರಿಯೇ. ಭೀಮಾತೀರದ ಭಜನಾ ಮೇಳಗಳಿಗೆ ಅಂಥ ಯೋಗ ಕೂಡಿಬರಲಿಲ್ಲ. ಆದರೆ ಅವರಿಗೆ ಬೇರೊಂದು ದಾರಿ ಸಿಕ್ಕಿತು: ಮನೆಯ ಟೇಪ್ ರೆಕಾರ್ಡರು. ಭಜನೆಯ ನಡುವೆ ಅದನ್ನಿಟ್ಟು ಕೆಂಪು ಗುಂಡಿ ಒತ್ತಿದರೆ ಆಯಿತು. ಸ್ಟುಡಿಯೋ ಬೇಡ, ಕಂಪನಿ ಬೇಡ. ಒಳಗಡೆ ನಾಯಿ ಬೊಗಳಿದ್ದು, ಮಗು ಅತ್ತದ್ದು, ಯಾರೋ ಚಹಾ ತಂದದ್ದು ಎಲ್ಲವೂ ದಾಖಲಾಗುತ್ತಿತ್ತು. ಹಾಡಿನ ಜೊತೆ ಆ ರಾತ್ರಿಯೂ ಉಳಿಯುತ್ತಿತ್ತು.

ಆ ಕಾಲದ ಮನೆಮದ್ದುಗಳು ಇಂದಿನ ಹುಡುಗರಿಗೆ ಒಗಟಿನಂತೆ ಕಾಣುತ್ತವೆ. ಪಟ್ಟಿ ಸಡಿಲವಾದರೆ ಹಲ್ಲಿನ ಚಕ್ರಕ್ಕೆ ಪೆನ್ಸಿಲು ಸಿಕ್ಕಿಸಿ ತಿರುಗಿಸುವುದು. ಅಳಿಸಬಾರದ ಸುರುಳಿಯಾದರೆ ಹಿಂದಿನ ಎರಡು ಪುಟ್ಟ ಎಸಳುಗಳನ್ನು ಮುರಿದುಬಿಡುವುದು. ಮನಸ್ಸು ಬದಲಾದರೆ ಆ ತೂತಿಗೆ ಅಂಟುಪಟ್ಟಿ ಮೆತ್ತುವುದು. ಒಂದರಿಂದ ಇನ್ನೊಂದಕ್ಕೆ ನಕಲು ಇಳಿಸಲು ಎರಡು ಬಾಯಿಯ ಟೇಪು. ನಕಲಿನ ನಕಲು ಇಳಿಸಿದಂತೆಲ್ಲ ಸುಂಯ್ ಎನ್ನುವ ಸದ್ದು ಹೆಚ್ಚುತ್ತಿತ್ತು, ಏಕತಾರಿಯ ಎಳೆ ಸವೆಯುತ್ತಿತ್ತು. ಅರವತ್ತು ನಿಮಿಷದ ಸುರುಳಿಯ ಒಂದು ಮಗ್ಗುಲು ಮೂವತ್ತು ನಿಮಿಷ. ಪದ ಕಾವೇರಿದ ಹೊತ್ತಿಗೆ ಸರಿಯಾಗಿ ‘ಟಕ್’ ಎಂದು ಗುಂಡಿ ಮೇಲೆ ಹಾರುತ್ತಿತ್ತು. ಅಲ್ಲಿ ತುಂಡಾಗುತ್ತಿದ್ದುದು ಪದದ ಬಾಲ. ಅಂಕಿತ ಇರುತ್ತಿದ್ದುದೂ ಅಲ್ಲೇ. ಹೊದಿಕೆಯೊಳಗಿನ ಗೆರೆ ಹಾಕಿದ ಚೀಟಿಯಲ್ಲಿ ಬರೆದಿದ್ದರೆ ಪುಣ್ಯ. ಸಾಮಾನ್ಯವಾಗಿ ‘ಭಜನಾ ನಂ. 3’ ಎಂದಷ್ಟೇ ಇರುತ್ತಿತ್ತು.

ಬೆಳ್ಳಿಯ ತಟ್ಟೆ ಬಂದಿತು. 1982ರಲ್ಲಿ ಪೇಟೆಗೆ ಬಂದ ಸಿ.ಡಿ.ಯಲ್ಲಿ ದನಿ ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳ ಸಾಲು. ಸುಂಯ್ ಎನ್ನುವುದಿಲ್ಲ, ನಕಲಿನ ನಕಲೂ ಮೂಲದಷ್ಟೇ ಚೆನ್ನ. ಆದರೆ ಅದನ್ನು ರೂಪಿಸಿದವರು ಬಹುಪಾಲು ತಟ್ಟೆಗಳಲ್ಲಿ ಹಾಡಿನ ಹೆಸರನ್ನು ಅಂಕಿಗಳ ಜೊತೆ ಇಡಲಿಲ್ಲ. ಹೆಸರು ಇದ್ದದ್ದು ಹೊರಗಿನ ಕಾಗದದ ಮೇಲೆ. ಗಣಕಯಂತ್ರಕ್ಕೆ ಹಾಕಿದಾಗ ಅದಕ್ಕೆ ಕಾಣುತ್ತಿದ್ದುದು ‘ಟ್ರ್ಯಾಕ್ 01, ಟ್ರ್ಯಾಕ್ 02’ ಎಂಬ ಸಾಲಷ್ಟೇ. ತಟ್ಟೆಯ ಹಾಡುಗಳ ಉದ್ದ ನೋಡಿ ಗುರುತು ಹಿಡಿದು, ದೂರದ ಪಟ್ಟಿಯೊಂದರಿಂದ ಹೆಸರು ತರಿಸುವ ಏರ್ಪಾಡು 1990ರ ದಶಕದಲ್ಲಿ ಬಂತು. ಆ ಪಟ್ಟಿಯಲ್ಲಿ ಹೆಸರು ಸಿಗಬೇಕಾದರೆ ಯಾರಾದರೂ ಮೊದಲು ಅದನ್ನು ಸೇರಿಸಿರಬೇಕು. ಜಾತ್ರೆಯ ಅಂಗಡಿಯಲ್ಲಿ ಸುಟ್ಟು ಮಾರಿದ ಭಜನೆಯ ತಟ್ಟೆಗೆ ಆ ಭಾಗ್ಯ ಎಲ್ಲಿಯದು?

ನೂರಿಪ್ಪತ್ತೆಂಟು ಬೈಟಿನ ಬಾಲ

ಸಿ.ಡಿ.ಯ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಮೆಗಾಬೈಟು ಜಾಗ ಬೇಕು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬರ್ಗ್ ಮತ್ತು ಸಂಗಡಿಗರು ಅದನ್ನು ಒಂದು ಮೆಗಾಬೈಟಿನ ಆಸುಪಾಸಿಗೆ ಇಳಿಸುವ ವಿಧಾನ ಕಂಡುಹಿಡಿದರು. ದೊಡ್ಡ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ಕಿವಿಗೆ ಕೇಳುವುದಿಲ್ಲ. ಕೇಳದ್ದನ್ನು ಬರೆದಿಡುವುದೇಕೆ ಎಂಬುದು ಅದರ ತರ್ಕ. 1995ರಲ್ಲಿ ಈ ಕಡತಗಳಿಗೆ ‘ಎಂಪಿ3’ ಎಂಬ ಬಾಲದ ಹೆಸರು ನಿಶ್ಚಯವಾಯಿತು. 1997ರಲ್ಲಿ ಬಂದ ವಿನ್‌ಆಂಪ್ ಎಂಬ ತಂತ್ರಾಂಶ ಗಣಕಯಂತ್ರವಿದ್ದ ಮನೆಯನ್ನೆಲ್ಲ ಸಂಗೀತದ ಮನೆ ಮಾಡಿತು. ಒಂದು ತಟ್ಟೆಯಲ್ಲಿ ಹನ್ನೆರಡು ಹಾಡಿದ್ದ ಕಡೆ ನೂರೈವತ್ತು ಹಾಡು ತುಂಬತೊಡಗಿತು.

ನೂರೈವತ್ತು ಹಾಡು ಬಂದ ಮೇಲೆ ಹೆಸರಿನ ಪ್ರಶ್ನೆ ಮತ್ತೆ ತಲೆಯೆತ್ತಿತು. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಒಂದು ಉಪಾಯ ಮಾಡಿದ. ಹಾಡಿನ ಕಡತದ ತುದಿಗೆ 128 ಬೈಟಿನ ಒಂದು ಚೀಟಿ ಅಂಟಿಸಿದ. ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30, ಸುರುಳಿಯ ಹೆಸರಿಗೆ 30, ಇಸವಿಗೆ ನಾಲ್ಕು, ಷರಾಕ್ಕೆ 30. ಐಡಿ3 ಎಂದು ಕರೆಯಲಾದ ಈ ಚೀಟಿಯನ್ನು ಕಡತದ ಮೊದಲಿಗೆ ಇಡದೆ ಕಟ್ಟಕಡೆಗೆ ಇಟ್ಟದ್ದರಿಂದ ಹಳೆಯ ತಂತ್ರಾಂಶಗಳಿಗೂ ತೊಂದರೆಯಾಗಲಿಲ್ಲ. ಕಡಕೋಳದ ಮಡಿವಾಳಪ್ಪ ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದರೇನೋ. ಹೆಸರನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ಅವರಿಗೂ ಕೆಂಪ್‌ಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಆದರೆ ಈ ಚೀಟಿಯಲ್ಲಿ ಕೆಲವು ಖಾನೆಗಳೇ ಇರಲಿಲ್ಲ. ಹಾಡಿದವರ ಹೆಸರಿಗೆ ಜಾಗವಿತ್ತು, ಬರೆದವರ ಹೆಸರಿಗೆ ಇರಲಿಲ್ಲ. ಪಾಶ್ಚಾತ್ಯ ಪಾಪ್ ಸಂಗೀತದ ಪೇಟೆಯಲ್ಲಿ ಹಾಡುವವರೇ ಪ್ರಧಾನ; ತತ್ವಪದದ ಲೋಕದಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಹಾಡುವವನು ತನ್ನ ಹೆಸರು ಹೇಳಿಕೊಳ್ಳುವುದೇ ಇಲ್ಲ. ಸಂಗೀತದ ಪ್ರಕಾರ ಸೂಚಿಸಲು 80 ಬಗೆಗಳ ಪಟ್ಟಿ ಇತ್ತು. ಅದರಲ್ಲಿ ಜಾಝ್ ಇತ್ತು, ರಾಕ್ ಇತ್ತು, ಜಾನಪದ ಎಂಬ ಬಗೆ ಕೂಡ ಇರಲಿಲ್ಲ. ಅದು ಬಂದದ್ದು ವಿನ್‌ಆಂಪ್‌ನವರು ಪಟ್ಟಿಯನ್ನು ಬೆಳೆಸಿದಾಗ. ಭಜನೆಯ ಪದವನ್ನು ‘ಇತರೆ’ ಎಂಬ ಗೂಟಕ್ಕೆ ಕಟ್ಟಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಕೊರತೆ, ಅದರಲ್ಲಿ ಕನ್ನಡ ಅಕ್ಷರ ಹಿಡಿಯುತ್ತಿರಲಿಲ್ಲ.

ಇದು ಚೀಟಿಯೊಂದರ ದೋಷವಲ್ಲ, ಕಾಲದ ದೋಷ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಸಾಮಾನ್ಯ ಗಣಕಯಂತ್ರದಲ್ಲಿ ಅದು ಕೆಲಸ ಮಾಡತೊಡಗಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಅಲ್ಲಿಯವರೆಗೆ, ಅನೇಕ ಕಡೆ ಅದರ ನಂತರವೂ, ಕನ್ನಡವನ್ನು ಬದುಕಿಸಿದ್ದು ಬೇರೆ ಸಾಧನಗಳು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವುಗಳ ಹಳೆಯ ಅಕ್ಷರಶೈಲಿಗಳು ಒಂದು ರೀತಿಯ ವೇಷ. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷಿನ ಸಂಕೇತಗಳು. ಆ ಅಕ್ಷರಶೈಲಿ ಇಲ್ಲದ ಗಣಕಕ್ಕೆ ಕಡತ ಒಯ್ದರೆ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಸಾಲುಗಟ್ಟುತ್ತಿದ್ದವು. ಇಂಥದರಲ್ಲಿ ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆಯುವ ಸಾಹಸಕ್ಕೆ ಕೈ ಹಾಕುವವರು ಯಾರು? ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಅದರಲ್ಲಿ ಳ ಮತ್ತು ಲ ಒಂದೇ, ಣ ಮತ್ತು ನ ಒಂದೇ; ಕಡಕೋಳ ಯಾವಾಗ ಕಡಕೋಲ ಆಯಿತೆಂಬುದು ಬರೆದವನಿಗೂ ತಿಳಿಯಲಿಲ್ಲ.

2005ರ ಸುಮಾರಿಗೆ ಉಗುರಿನಗಲದ ಮೆಮೊರಿ ಕಾರ್ಡು ಬಂದಾಗ ಈ ಗೊಂದಲವೆಲ್ಲ ಒಂದೇ ಬಾರಿಗೆ ಹಳ್ಳಿಗೆ ಇಳಿಯಿತು. ಮುಂದಿನ ಹತ್ತು ವರ್ಷ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಅಕ್ಕಪಕ್ಕದ ಮೊಬೈಲ್ ಅಂಗಡಿಗಳೇ ಸಂಗೀತದ ಗ್ರಂಥಾಲಯಗಳು. ‘ಅಣ್ಣಾ, ಒಂದು ಜಿ.ಬಿ. ಭಜನಾಪದ ಹಾಕಿ ಕೊಡ್ರಿ’ ಎಂದು ಕೇಳಿದರೆ ಅಂಗಡಿಯಾತ ಗಣಕದಲ್ಲಿನ ಒಂದು ಕಪಾಟನ್ನೇ ಎಳೆದು ಕಾರ್ಡಿಗೆ ಸುರಿಯುತ್ತಿದ್ದ. ತೂಕಕ್ಕೆ ಹಾಡು. ಕಾನೂನಿನ ಕಣ್ಣಿನಲ್ಲಿ ಇದು ಸರಿಯಾದ ವ್ಯಾಪಾರವಾಗಿರಲಿಲ್ಲ ಎಂಬುದು ನಿಜ. ಆದರೆ ಯಾವ ಕಂಪನಿಯೂ ಮುದ್ರಿಸದ ಮೇಳಗಳ ದನಿ, ಯಾರದೋ ಮನೆಯ ಸುರುಳಿಯಿಂದ ಇಳಿಸಿದ್ದು, ಹೊಲದಲ್ಲಿ ತೊಗರಿ ಕೊಯ್ಯುವವರ ಜೇಬಿನವರೆಗೆ ತಲುಪಿದ್ದು ಇದೇ ಅಂಗಡಿಗಳಿಂದ. 2016ರ ನಂತರ ಅಗ್ಗದ ದತ್ತಾಂಶ ಬಂದು ಕಾರ್ಡು ತುಂಬಿಸಿಕೊಳ್ಳುವ ರೂಢಿ ಕರಗಿತು. ಅಂಗಡಿಯವರು ಗಾಜಿನ ಹಾಳೆ ಅಂಟಿಸುವ ಕೆಲಸಕ್ಕೆ ತಿರುಗಿದರು. ಹಳೆಯ ಗಣಕಗಳು ಗುಜರಿಗೆ ಹೋದವು. ಅವುಗಳ ಹೊಟ್ಟೆಯಲ್ಲಿದ್ದ ಪದಗಳೂ ಜೊತೆಗೆ ಹೋದವು.

ಟ್ರಂಕಿನಲ್ಲಿ ಉಳಿದಿರುವುದು

ಉಳಿದಿರುವುದು ಮನೆಯ ಟ್ರಂಕಿನ ಸುರುಳಿಗಳು. ಅವುಗಳಿಗೂ ಆಯುಷ್ಯ ಬಹಳ ಇಲ್ಲ. ಪಟ್ಟಿಯ ಮೇಲಿನ ಕಂದು ಲೇಪ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಬಹುಕಾಲ ಸುತ್ತದೆ ಇಟ್ಟರೆ ಒಂದು ಸುತ್ತಿನ ಸದ್ದು ಮೇಲಿನ ಸುತ್ತಿಗೆ ಅಚ್ಚಾಗಿ, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯ ಸೆಖೆ, ತಗಡಿನ ಟ್ರಂಕು ಎರಡೂ ಸುರುಳಿಗೆ ಶತ್ರುಗಳೇ.

ಅದರಿಂದ ದನಿ ಇಳಿಸಿಕೊಳ್ಳಲು ದೊಡ್ಡ ಯಂತ್ರ ಬೇಕಾಗಿಲ್ಲ. ಗಣಕದ ಹವ್ಯಾಸವಿರುವ ಯಾವ ಹುಡುಗ ಹುಡುಗಿಯೂ ಮಾಡಬಹುದು. ಸುಸ್ಥಿತಿಯಲ್ಲಿರುವ ಒಂದು ಟೇಪು, ಅದರ ಹೆಡ್‌ಫೋನ್ ತೂತಿನಿಂದ ಗಣಕದ ಧ್ವನಿ ಒಳಬರುವ ತೂತಿಗೆ ಒಂದು ತಂತಿ, 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ಎಂಬ ತಂತ್ರಾಂಶ. ಮೊದಲು ಎಸಳು ಮುರಿದಿದೆಯೇ ನೋಡಬೇಕು, ಇಲ್ಲದಿದ್ದರೆ ಮುರಿಯಬೇಕು. ಕೈ ತಪ್ಪಿ ಕೆಂಪು ಗುಂಡಿ ಒತ್ತಿದರೆ ಮೂವತ್ತು ವರ್ಷದ ದನಿ ಕ್ಷಣದಲ್ಲಿ ಅಳಿಯುತ್ತದೆ. ಟೇಪಿನ ತಲೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಸುರುಳಿಯನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ಸುತ್ತಿ ಸಡಿಲಿಸಿಕೊಳ್ಳಬೇಕು. ಆಮೇಲೆ ಒಂದೇ ಉಸಿರಿಗೆ ಇಡೀ ಮಗ್ಗುಲನ್ನು ಮುದ್ರಿಸುವುದು ಮೇಲು. ನಡುವೆ ನಿಲ್ಲಿಸಿ ಹಾಡು ಹಾಡಾಗಿ ಕತ್ತರಿಸಲು ಹೋದವರು ಬಾಲ ಕಳೆದುಕೊಳ್ಳುತ್ತಾರೆ.

ಮುದ್ರಿಸಿದ್ದನ್ನು ನೇರ ಎಂಪಿ3 ಮಾಡುವುದು ಎಲ್ಲರೂ ಮಾಡುವ ತಪ್ಪು. ಎಂಪಿ3ಯಿಂದ ಎಂಪಿ3 ಮಾಡುವುದೆಂದರೆ ಝೆರಾಕ್ಸಿನ ಝೆರಾಕ್ಸ್ ತೆಗೆಸಿದ ಹಾಗೆ, ಪ್ರತಿ ಸಲವೂ ಏನೋ ಒಂದಿಷ್ಟು ಹೋಗುತ್ತದೆ. ಮೊದಲು ಹೋಗುವುದು ತಾಳದ ಕಿಣಿಕಿಣಿ. ನೀರಿನೊಳಗೆ ಬಾರಿಸಿದಂತೆ ಕೇಳತೊಡಗುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹೇಳುವಂತೆ ಸಂಕುಚಿತಗೊಳಿಸದ ವೇವ್ ಕಡತವಾಗಿ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಟ್ಟರೆ ಒಂದು ಗಂಟೆಯ ಸುರುಳಿಗೆ ಸುಮಾರು ಒಂದು ಗಿಗಾಬೈಟು ಜಾಗ. 64 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಐವತ್ತಕ್ಕೂ ಹೆಚ್ಚು ಸುರುಳಿ ಕೂರುತ್ತವೆ. ಕೇಳಲು, ಕಳಿಸಲು ಬೇಕಾದ ಎಂಪಿ3ಯನ್ನು ಇದರಿಂದ ಎಷ್ಟು ಸಲವಾದರೂ ಇಳಿಸಿಕೊಳ್ಳಬಹುದು. ಸುಂಯ್ ಸದ್ದು ತೆಗೆಯುವ ಚಪಲ ಇದ್ದರೆ ಅದನ್ನೂ ಈ ನಕಲಿನ ಮೇಲೆ ತೀರಿಸಿಕೊಳ್ಳಲಿ, ಮೂಲವನ್ನು ಮುಟ್ಟದಿರಲಿ. ಮೂಲದ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನ ಬೀಗರ ಮನೆಯಲ್ಲಿದ್ದರೂ ಸರಿ.

ಇನ್ನು ಹೆಸರು. 1998ರಲ್ಲಿ ಬಂದ ಐಡಿ3ಯ ಎರಡನೆಯ ಆವೃತ್ತಿಯಲ್ಲಿ ಮೂವತ್ತಕ್ಷರದ ಕಟ್ಟಳೆ ಇಲ್ಲ, ಬರೆದವರಿಗೆ ಪ್ರತ್ಯೇಕ ಖಾನೆ ಇದೆ, ಯೂನಿಕೋಡ್ ಕನ್ನಡವೂ ನಿಲ್ಲುತ್ತದೆ. ಹಳೆಯ ಮನಸ್ತಾಪ ಬಿಟ್ಟು ಅಲ್ಲಿ ಕನ್ನಡದಲ್ಲಿಯೇ ಬರೆಯಬಹುದು: ಪದದ ಮೊದಲ ಸಾಲು, ಅಂಕಿತ, ಹಾಡಿದ ಮೇಳ, ಊರು, ಇಸವಿ. ಹೊರಗಿನ ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಟ್ಟರೆ ಜೀಪಿನ, ಟ್ರ್ಯಾಕ್ಟರಿನ ಹಳೆಯ ಪೆಟ್ಟಿಗೆಗಳಲ್ಲಿಯೂ ಓದಲು ಬರುತ್ತದೆ. ಕನ್ನಡ ಕಂಡರೆ ಅವು ಚೌಕಗಳನ್ನು ತೋರಿಸುತ್ತವೆ. ಒಂದು, ಎರಡು ಎಂದು ಅಂಕಿ ಹಾಕುವಾಗ 1 ಎನ್ನದೆ 01 ಎಂದು ಹಾಕಬೇಕು. ಇಲ್ಲವಾದರೆ ಅನೇಕ ಯಂತ್ರಗಳು 1 ಆದ ಮೇಲೆ 10ಕ್ಕೆ ಹಾರಿ, ಮಂಗಳಾರತಿಯ ಪದವನ್ನು ಸ್ತುತಿಪದದ ಬೆನ್ನಿಗೇ ಹಾಡಿಸುತ್ತವೆ.

ಹೀಗೆ ಇಳಿಸಿಕೊಂಡದ್ದನ್ನು ಹಂಚಬಹುದೇ ಎಂಬ ಸಂಶಯ ಸಹಜ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯಕ್ಕೂ ಧ್ವನಿಮುದ್ರಣಕ್ಕೂ ಬೇರೆ ಬೇರೆ ಲೆಕ್ಕ. ಬರೆದವರು ತೀರಿಕೊಂಡು 60 ವರ್ಷವಾದ ಮೇಲೆ ಸಾಹಿತ್ಯ ಎಲ್ಲರದು. ಆದ್ದರಿಂದ ಮಡಿವಾಳಪ್ಪನವರ ಪದ ಹಾಡಲು, 1889ರಲ್ಲಿ ದೇಹ ಬಿಟ್ಟ ಶರೀಫರ ಪದ ಹಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅದೇ ಪದವನ್ನು ಕಂಪನಿಯೊಂದು ಮುದ್ರಿಸಿ ಹೊರತಂದಿದ್ದರೆ ಆ ಮುದ್ರಣಕ್ಕೆ ಹೊರಬಂದ 60 ವರ್ಷದವರೆಗೆ ರಕ್ಷಣೆ ಉಂಟು. ಸ್ವಂತ ಕೇಳ್ಮೆಗೆ, ಅಧ್ಯಯನಕ್ಕೆ ಕಾನೂನು ಅವಕಾಶ ಕೊಡುತ್ತದೆ, ಮಾರಾಟಕ್ಕೆ ಕೊಡುವುದಿಲ್ಲ. ಊರಿನ ಮೇಳವನ್ನು ತಾನೇ ಮುದ್ರಿಸಿದ ಸುರುಳಿಯಾದರೆ ಹಾಡಿದವರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳುವುದು ಕಾನೂನಿಗಿಂತ ಮೊದಲಿನ ಮರ್ಯಾದೆ.

ಹಳೆಯದು ಇಷ್ಟಾಯಿತು. ಭಜನೆ ಈಗಲೂ ನಡೆಯುತ್ತದೆ, ಮುದ್ರಿಸುವ ಮೊಬೈಲು ಎಲ್ಲರ ಕೈಯಲ್ಲಿದೆ. ಮೊಬೈಲನ್ನು ಪೇಟಿಯ ಮೇಲೆ ಇಡದೆ, ಹಾಡುವವರಿಂದ ನಾಲ್ಕಾರು ಅಡಿ ದೂರದಲ್ಲಿ ಮಡಚಿದ ಟವೆಲಿನ ಮೇಲೆ ಇಟ್ಟು, ಕರೆ ಬಾರದಂತೆ ಮಾಡಿ ಪೂರ್ತಿ ಪದ ಹಿಡಿಯಬೇಕು. ಕೊನೆಯ ನುಡಿ ಮುಗಿದು ತಾಳ ನಿಂತ ಮೇಲೆ ಕೂಡಲೇ ಗುಂಡಿ ಒತ್ತದೆ ಹತ್ತು ಸೆಕೆಂಡು ಕಾದು, ಅಲ್ಲಿದ್ದವರೊಬ್ಬರು ಗಟ್ಟಿಯಾಗಿ ಹೇಳಿಬಿಡಬೇಕು: ಇದು ಇಂಥವರ ಪದ, ಹಾಡಿದವರು ಇಂಥವರು, ಊರು ಇದು, ತಾಲ್ಲೂಕು ಇದು, ಇಂದಿನ ತಾರೀಖು ಇಷ್ಟು. ಗೌಹರ್ ಜಾನ್ ಕಲ್ಕತ್ತೆಯಲ್ಲಿ ಮಾಡಿದ್ದೂ ಇಷ್ಟನ್ನೇ.